ಕುಡಿದ ಮತ್ತು ಇಳಿದರೂ ಮರಳದ ನೆನಪು: ವರ್ಷಗಟ್ಟಲೆ ಕುಡಿದರೆ ಮಿದುಳಿಗೆ ಆಗುವುದೇನು?

"ಯಜಮಾನ್ರೇ, ನಿನ್ನೆ ಎಲ್ಲಿಗೆ ಹೋಗಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು. ನನ್ನ ಸೋದರಮಾವ ಒಂದು ಗಳಿಗೆಯೂ ತಡವರಿಸಲಿಲ್ಲ. "ತಿಪಟೂರಿಗೆ ಹೋಗಿದ್ದೆ ಕಣಮ್ಮ. ಹನ್ನೊಂದು ಚೀಲ ಕೊಬ್ಬರಿ ಹಾಕ್ಬಂದೆ. ರೇಟು ಚೆನ್ನಾಗೇ ಸಿಕ್ತು. ಬರ್ತಾ ತಟ್ಟೆ ಇಡ್ಲಿ ತಿಂದು ಬಂದೆ."

ಮಾವ ಆ ಆಸ್ಪತ್ರೆಯ ಮಂಚ ಹಿಡಿದು ಅಂದಿಗೆ ಹನ್ನೆರಡು ದಿನವಾಗಿತ್ತು. ಕಾಲ ಬಳಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಈಗ್ಲೂ ಸುಳ್ಳು ಹೇಳ್ತಾವ್ರೆ ನೋಡು" ಅಂದರು. ಇಪ್ಪತ್ತು ವರ್ಷ ಕುಡಿತದ ಸುಳ್ಳು ಕೇಳಿ ಕೇಳಿ ಬೇಸತ್ತ ಜೀವ ಅದು. ಡಾಕ್ಟರಮ್ಮ ನಮ್ಮನ್ನು ವಾರ್ಡಿನ ಹೊರಗೆ ಕರೆದು, "ಅದು ಸುಳ್ಳಲ್ಲಮ್ಮ. ಅವರ ಮಟ್ಟಿಗೆ ಅದು ನಿನ್ನೆ ನಿಜವಾಗಿ ನಡೆದದ್ದು" ಎಂದರು.

ಕುಡಿದರೆ ಮಿದುಳು ಹಾಳಾಗುತ್ತದೆ ಎಂದು ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಹಾಳಾಗುವುದು ಅಂದರೆ ಏನು? ಮಿದುಳಿನ ಜೀವಕೋಶಗಳು ಸಾಯುತ್ತವೆಯೇ? ಎಲ್ಲ ಬಿಟ್ಟು ನೆನಪೇ ಏಕೆ ಹೋಗುತ್ತದೆ, ಹೋದದ್ದು ಮರಳುತ್ತದೆಯೇ? ಈ ಪ್ರಶ್ನೆಗಳು ನಮ್ಮೊಬ್ಬರ ಮನೆಯವಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದಿಲ್ಲದೆ ದಿನ ದೂಡಲಾಗದ ಸ್ಥಿತಿ ತಲುಪಿದವರೇ 2.9 ಕೋಟಿ.

ಒಂದು ಕ್ವಾರ್ಟರ್ ಅಂದರೆ ಎಷ್ಟು?

ಲೆಕ್ಕ ಗೊತ್ತಿಲ್ಲದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಬಾಟಲಿಯಲ್ಲಿರುವುದೆಲ್ಲ ಮದ್ಯಸಾರವಲ್ಲ, ಬಹುಪಾಲು ನೀರು. ದೇಹದ ಮೇಲೆ ಕೆಲಸ ಮಾಡುವುದು ಅದರಲ್ಲಿರುವ ಮದ್ಯಸಾರ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳ ಲೇಬಲ್ ಮೇಲೆ ಸಾಮಾನ್ಯವಾಗಿ 42.8 ಶೇಕಡಾ ಎಂದು ಬರೆದಿರುತ್ತದೆ. ಅಂದರೆ 180 ಮಿಲಿಲೀಟರಿನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 77 ಮಿಲಿಲೀಟರ್ ಶುದ್ಧ ಮದ್ಯಸಾರ. ತೂಕದಲ್ಲಿ ಹೇಳಿದರೆ 60 ಗ್ರಾಂ. 90 ಮಿಲಿಲೀಟರಿನ ಟೆಟ್ರಾ ಪ್ಯಾಕ್, ಅಂದರೆ ಎಲ್ಲರ ಬಾಯಲ್ಲಿರುವ 'ನೈಂಟಿ', 30 ಗ್ರಾಂ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿ ಶೇಕಡಾ 8ರದ್ದಾದರೆ 40 ಗ್ರಾಂ ದಾಟುತ್ತದೆ. "ಬರೀ ಬಿಯರು" ಅನ್ನುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಬೇಕು.

ವೈದ್ಯರು 10 ಗ್ರಾಂ ಮದ್ಯಸಾರವನ್ನು ಒಂದು ಅಳತೆ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ದಿನಕ್ಕೊಂದು ಕ್ವಾರ್ಟರ್ ಅಂದರೆ ದಿನಕ್ಕೆ ಆರು ಅಳತೆ. ನಮ್ಮ ಮಾವನದು ಮೊದಲು ಸಂಜೆಗೊಂದು ಕ್ವಾರ್ಟರ್. ಕೊನೆಯ ಎರಡು ವರ್ಷ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿಯೂ ಸೇರಿತ್ತು.

ಹಗ್ಗಜಗ್ಗಾಟ

ಬೆಳಿಗ್ಗೆಯ ಆ ನೈಂಟಿ ಏಕೆ ಬೇಕಾಯಿತು ಎಂಬುದರಿಂದಲೇ ಶುರುಮಾಡೋಣ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸುತ್ತವೆ. ಕೆಲವು ರಾಸಾಯನಿಕಗಳು ಮುಂದಿನ ಕೋಶವನ್ನು ಕೆರಳಿಸುತ್ತವೆ, ಇವುಗಳಲ್ಲಿ ಮುಖ್ಯವಾದದ್ದು ಗ್ಲುಟಮೇಟ್. ಕೆಲವು ತಣ್ಣಗಾಗಿಸುತ್ತವೆ, ಅವುಗಳಲ್ಲಿ ಮುಖ್ಯವಾದದ್ದು ಗಾಬಾ. ಹಗ್ಗದ ಎರಡು ತುದಿಯಲ್ಲಿ ಎರಡು ತಂಡ ಸಮಬಲದಿಂದ ಎಳೆಯುತ್ತಿರುವುದರಿಂದ ಹಗ್ಗ ನಡುವೆ ನಿಂತಿದೆ. ನಾವು ಎಚ್ಚರವಾಗಿಯೂ ಇದ್ದೇವೆ, ಶಾಂತವಾಗಿಯೂ ಇದ್ದೇವೆ.

ಮದ್ಯಸಾರ ಒಳಗೆ ಹೋದಾಗ ತಣ್ಣಗಾಗಿಸುವ ತಂಡಕ್ಕೆ ಬಲ ಬರುತ್ತದೆ, ಕೆರಳಿಸುವ ತಂಡದ ಕೈ ಸೋಲುತ್ತದೆ. ಮೈ ಹಗುರಾಗುವುದು, ನಾಲಿಗೆ ತೊದಲುವುದು, ನಿದ್ದೆ ಎಳೆಯುವುದು ಎಲ್ಲ ಇದರಿಂದಲೇ. ಒಂದೆರಡು ದಿನದ ಮಾತಾದರೆ ಹಗ್ಗ ತಾನೇ ನಡುವಿಗೆ ಬರುತ್ತದೆ. ದಿನವೂ, ವರ್ಷಗಟ್ಟಲೆ ಹೀಗೇ ಆದರೆ ಮಿದುಳು ಸುಮ್ಮನಿರುವುದಿಲ್ಲ. ಕೆರಳಿಸುವ ಕಡೆಗೆ ಇನ್ನಷ್ಟು ಆಳು ಸೇರಿಸುತ್ತದೆ, ತಣ್ಣಗಾಗಿಸುವ ಕಡೆಯಿಂದ ಒಂದಷ್ಟು ಆಳು ತೆಗೆಯುತ್ತದೆ. ಮೊದಲು ಒಂದು ಪೆಗ್ಗಿಗೆ ಏರುತ್ತಿದ್ದ ಮತ್ತಿಗೆ ಈಗ ಮೂರು ಬೇಕು. "ಎಷ್ಟು ಕುಡಿದರೂ ಅವನು ಅಲ್ಲಾಡಲ್ಲ, ಗಟ್ಟಿ ಆಸಾಮಿ" ಎಂದು ಊರಲ್ಲಿ ಹೊಗಳುವುದು ಈ ಸ್ಥಿತಿಯನ್ನೇ. ಅಲ್ಲಾಡದಿರುವುದು ಮಿದುಳು ಆಗಲೇ ಬದಲಾಗಿದೆ ಎಂಬುದರ ಗುರುತು.

ಈಗ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ? ಒಂದು ಕಡೆಯವರು ಹಗ್ಗ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಧೊಪ್ಪೆಂದು ಬೀಳುವಂತೆ ಮಿದುಳು ಪೂರ್ತಿ ಕೆರಳುವ ಕಡೆಗೆ ಉರುಳುತ್ತದೆ. ಆರೆಂಟು ಗಂಟೆಯೊಳಗೆ ಕೈ ನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ, ತಳಮಳ, ಗೋಡೆಯ ಮೇಲೆ ಇಲ್ಲದ ಹುಳುಹುಪ್ಪಟೆ ಕಾಣುವುದು, ಮನೆಯವರ ಗುರುತೇ ಸಿಗದಿರುವುದು. ಈ ಹಂತದಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಪದೇ ಪದೇ ಹೀಗೆ ಬಿಟ್ಟು ಪದೇ ಪದೇ ಶುರುಮಾಡಿದರೆ ಪ್ರತಿ ಸಲದ ಹೊಡೆತ ಹಿಂದಿನದಕ್ಕಿಂತ ಜೋರಾಗುವ ಸಂಭವವೂ ಇದೆ. ಅತಿಯಾಗಿ ಕೆರಳಿದ ನರಕೋಶಗಳು ತಮ್ಮ ಕೆರಳಿಕೆಯಿಂದಲೇ ಹಾನಿಗೊಳ್ಳುತ್ತವೆ.

ಬೆಳಿಗ್ಗೆಯ ನೈಂಟಿ ಈ ನಡುಕ ನಿಲ್ಲಿಸಲು ಬೇಕಾದದ್ದು. ಅಷ್ಟು ಹೊತ್ತಿಗೆ ಖುಷಿಗಾಗಿ ಕುಡಿಯುವ ಕಾಲ ಮುಗಿದಿರುತ್ತದೆ.

ರಾತ್ರಿ ಮಾತಾಡಿದ್ದು ಬೆಳಿಗ್ಗೆ ನೆನಪಿಲ್ಲ

ಹಳೆಯ ಕಾಲದ ಅಂಗಡಿಗಳಲ್ಲಿ ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಗೀಚಿಕೊಳ್ಳುತ್ತಿದ್ದರು. ಆಮೇಲೆ ಗುಮಾಸ್ತ ಕುಳಿತು ಅದನ್ನು ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದ. ಖಾತೆಗೆ ಏರದ ವ್ಯವಹಾರ ಮುಂದಿನ ವರ್ಷ ಹುಡುಕಿದರೆ ಸಿಗುವುದಿಲ್ಲ. ನಮ್ಮ ಮಿದುಳಿನಲ್ಲೂ ಅಂಥ ಗುಮಾಸ್ತನಿದ್ದಾನೆ. ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು, ಕಡಲ್ಗುದುರೆಯ ಹಾಗೆ ಬಾಗಿದ ಹಿಪ್ಪೊಕ್ಯಾಂಪಸ್ ಎಂಬ ಭಾಗ. ಈಗಷ್ಟೇ ನಡೆದದ್ದನ್ನು ಬಹುಕಾಲ ಉಳಿಯುವ ನೆನಪಾಗಿ ಏರಿಸುವ ಕೆಲಸ ಅದರದ್ದು. ಇದು ಖಚಿತವಾಗಲು ಕಾರಣವಾದದ್ದು 1953ರ ಒಂದು ಶಸ್ತ್ರಚಿಕಿತ್ಸೆ. ಫಿಟ್ಸ್ ನಿಲ್ಲಿಸಲೆಂದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಎರಡೂ ಕಡೆಯ ಈ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಆದರೆ 2008ರಲ್ಲಿ ಸಾಯುವ ತನಕ ಆತ ಹೊಸದಾಗಿ ಭೇಟಿಯಾದ ಯಾರನ್ನೂ ಸರಿಯಾಗಿ ನೆನಪಿಟ್ಟುಕೊಳ್ಳಲಾಗಲಿಲ್ಲ.

ಸರಸರನೆ, ಖಾಲಿ ಹೊಟ್ಟೆಯಲ್ಲಿ ಕುಡಿದಾಗ ರಕ್ತದಲ್ಲಿ ಮದ್ಯಸಾರ ದಿಢೀರನೆ ಏರಿ ಈ ಗುಮಾಸ್ತ ಪೆನ್ನು ಕೆಳಗಿಡುತ್ತಾನೆ. ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ, ಜಗಳವಾಡುತ್ತಾನೆ, ಬೈಕ್ ಓಡಿಸಿಕೊಂಡು ಮನೆಗೂ ಬಂದುಬಿಡಬಹುದು. ಆದರೆ ಒಂದಕ್ಷರವೂ ಖಾತೆಗೆ ಏರಿರುವುದಿಲ್ಲ. ಬೆಳಿಗ್ಗೆ "ನಾನ್ಯಾವಾಗ ಹಂಗಂದೆ?" ಎಂದು ಕೇಳಿದರೆ ಹೆಂಡತಿಗೆ ಅದು ನಾಟಕದಂತೆ ಕಾಣುತ್ತದೆ. ಅವನಿಗೆ ನಿಜಕ್ಕೂ ನೆನಪಿಲ್ಲದೆ ಇರಬಹುದು. ಬರೆದದ್ದು ಅಳಿಸಿಹೋಗಿಲ್ಲ, ಬರೆದೇ ಇಲ್ಲ. ಹೀಗಾಗಿ ಎಷ್ಟು ನೆನಪಿಸಿದರೂ ಅದು ಬರುವುದಿಲ್ಲ. ತಿಂಗಳಿಗೆ ಹಲವು ಸಲ ಹೀಗಾಗುತ್ತಿದ್ದರೆ ಕುಡಿತ ಕೈಮೀರುತ್ತಿದೆ ಎಂದೇ ತಿಳಿಯಬೇಕು.

ಜೀವಕೋಶಗಳು ಸಾಯುತ್ತವೆಯೇ?

"ಒಂದು ಪೆಗ್ಗಿಗೆ ಇಷ್ಟು ಸಾವಿರ ನರಕೋಶ ಸಾಯುತ್ತವೆ" ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಹಾಗೆ ಪೆಗ್ಗಿಗಿಷ್ಟು ಎಂಬ ಲೆಕ್ಕ ಯಾವುದೂ ಇಲ್ಲ. ನಿಜ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಲೈವ್ ಹಾರ್ಪರ್ ಮತ್ತು ಸಂಗಡಿಗರು ದೀರ್ಘಕಾಲ ವಿಪರೀತ ಕುಡಿದು ಸತ್ತವರ ಮಿದುಳುಗಳನ್ನು ಪರೀಕ್ಷಿಸಿದರು. ಹಣೆಯ ಹಿಂದಿನ ಮುಂಭಾಗದ ಒಂದು ಕಡೆ ನರಕೋಶಗಳ ಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ ಇತ್ತು. 1993ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಮಿದುಳಿನ ಇಡೀ ಹೊರಪದರದ ಕೋಶಗಳನ್ನು ಅಂದಾಜಿಸಿದರು. ಕುಡಿಯುತ್ತಿದ್ದವರಿಗೂ ಕುಡಿಯದವರಿಗೂ ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಕಡಿಮೆ ಕಂಡದ್ದು ಬಿಳಿ ಭಾಗ.

ಈ ಬಿಳಿ ಭಾಗ ಎಂದರೆ ನರಕೋಶಗಳ ಉದ್ದನೆಯ ತಂತುಗಳು, ಅವುಗಳ ಸುತ್ತ ಕೊಬ್ಬಿನ ಹೊದಿಕೆ. ಮನೆಯ ಬಲ್ಬು, ಫ್ಯಾನು, ಮೋಟಾರು ಎಲ್ಲ ಚೆನ್ನಾಗಿವೆ, ಗೋಡೆಯೊಳಗಿನ ವೈರಿನ ಪ್ಲಾಸ್ಟಿಕ್ ಹೊದಿಕೆ ಕಿತ್ತುಹೋಗಿದೆ ಎಂದುಕೊಳ್ಳಿ. ಸ್ವಿಚ್ ಒತ್ತಿದರೆ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ದೀರ್ಘಕಾಲದ ಕುಡಿತದಲ್ಲಿ ಮಿದುಳು ಕುಗ್ಗುವುದಕ್ಕೆ ಕೋಶಗಳ ಸಾವಿಗಿಂತ ಈ ತಂತಿಜಾಲ ಸೊರಗುವುದು, ಕೋಶಗಳ ಕೊಂಬೆರೆಂಬೆಗಳು ಮೊಟಕಾಗುವುದು ದೊಡ್ಡ ಕಾರಣ. ಈ ಎರಡೂ ಸ್ವಲ್ಪಮಟ್ಟಿಗೆ ಮತ್ತೆ ಚಿಗುರಬಲ್ಲವು. ಸತ್ತ ನರಕೋಶ ಚಿಗುರುವುದಿಲ್ಲ.

ಪೆಟ್ಟು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಮಿದುಳಿನ ಮುಂಭಾಗ ಹೆಚ್ಚು ಪೆಟ್ಟು ತಿನ್ನುತ್ತದೆ. ಮುಂದಾಲೋಚನೆ, ಸಂಯಮ, "ಇವತ್ತು ಸಾಕು" ಎಂದು ತನಗೆ ತಾನೇ ಹೇಳಿಕೊಳ್ಳುವ ಶಕ್ತಿ ಎಲ್ಲ ಇರುವುದು ಅಲ್ಲಿ. ಬಿಡಬೇಕೆಂದು ದೇವರ ಮುಂದೆ ಆಣೆ ಮಾಡಿದವರು ಸಂಜೆಗೆ ಸೋಲುವುದನ್ನು ನೋಡುವಾಗ ಇದು ನನಗೆ ನೆನಪಾಗುತ್ತದೆ. ಆಣೆ ಉಳಿಸಿಕೊಳ್ಳಲು ಬೇಕಾದ ಭಾಗಕ್ಕೇ ಪೆಟ್ಟು ಬಿದ್ದಿರುತ್ತದೆ. ಇನ್ನೊಂದು, ತಲೆಯ ಹಿಂಬದಿಯ ಕೆಳಗಿರುವ ಕಿರುಮಿದುಳು. ನಡಿಗೆಯ ಹದ ನೋಡಿಕೊಳ್ಳುವುದು ಇದು. ಇದು ಸೊರಗಿದರೆ ಕುಡಿಯದ ದಿನವೂ ಮನುಷ್ಯ ಕಾಲು ಅಗಲಿಸಿಕೊಂಡು ತೂರಾಡುತ್ತಾನೆ.

ಹಸಿವು ಮಾಡುವ ಹಾನಿ

ಮಾವನ ನೆನಪು ಹೋದದ್ದಕ್ಕೆ ಮದ್ಯಸಾರಕ್ಕಿಂತ ನೇರವಾದ ಕಾರಣ ಇನ್ನೊಂದಿತ್ತು. ಅದನ್ನು ಕೇಳಿ ನಾವೆಲ್ಲ ಬೆಚ್ಚಿದೆವು. ಅದರ ಹೆಸರು ಥಯಮಿನ್, ಬಿ1 ಜೀವಸತ್ವ.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗವಾದರೂ ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಅದೇ ತಿನ್ನುತ್ತದೆ. ಆ ಶಕ್ತಿ ಬರುವುದು ಮುಖ್ಯವಾಗಿ ಗ್ಲೂಕೋಸ್‌ನಿಂದ. ಗ್ಲೂಕೋಸ್ ಸೌದೆಯಾದರೆ ಥಯಮಿನ್ ಬೆಂಕಿಕಡ್ಡಿ. ಒಲೆ ತುಂಬ ಸೌದೆ ಇದ್ದರೂ ಕಡ್ಡಿ ಇಲ್ಲದಿದ್ದರೆ ಅನ್ನ ಬೇಯುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಒಂದೂಕಾಲು ಮಿಲಿಗ್ರಾಂ ಆಸುಪಾಸು. ಆದರೆ ದೇಹ ಕೂಡಿಟ್ಟುಕೊಳ್ಳುವುದು ಸುಮಾರು 30 ಮಿಲಿಗ್ರಾಂ ಮಾತ್ರ. ಹೊಸದಾಗಿ ಬರದಿದ್ದರೆ ಎರಡು ಮೂರು ವಾರದಲ್ಲಿ ಉಗ್ರಾಣ ಖಾಲಿ.

ವಿಪರೀತ ಕುಡಿಯುವವರಲ್ಲಿ ಇದು ಎಲ್ಲ ಕಡೆಯಿಂದಲೂ ಸೋರುತ್ತದೆ. ಊಟ ಸೇರುವುದಿಲ್ಲ, ಸೇರಿದ್ದು ವಾಂತಿಯಾಗುತ್ತದೆ. ತಿಂದದ್ದರಲ್ಲಿರುವ ಥಯಮಿನ್ನನ್ನು ಕರುಳು ಹೀರಿಕೊಳ್ಳದಂತೆ ಮದ್ಯಸಾರ ತಡೆಯುತ್ತದೆ. ಹೀರಿದ್ದನ್ನು ಕೂಡಿಡಬೇಕಾದ ಲಿವರ್ ಸೊರಗಿರುತ್ತದೆ.

ಕಡ್ಡಿ ಮುಗಿದಾಗ ಮಿದುಳಿನ ನಡುವಿನ ಕೆಲವು ಪುಟ್ಟ ಭಾಗಗಳು ಮೊದಲು ಕಂಗೆಡುತ್ತವೆ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದನ್ನು ಮೂವರು ರೋಗಿಗಳಲ್ಲಿ ಕಂಡು ಬರೆದಿಟ್ಟ. ಮೂವರಲ್ಲೂ ಮನಸ್ಸಿನ ಗೊಂದಲ, ತೂರಾಟ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು ಇತ್ತು. ಮೂವರೂ ಉಳಿಯಲಿಲ್ಲ. ಅವರಲ್ಲಿ ಇಬ್ಬರು ಗಂಡಸರು ವಿಪರೀತ ಕುಡಿಯುತ್ತಿದ್ದವರು. ಮೂರನೆಯವಳು ಹೊಲಿಗೆ ಕೆಲಸದ ಯುವತಿ, ಕುಡಿತದ ಕಾರಣಕ್ಕೆ ಬಂದವಳಲ್ಲ. ಗಂಧಕಾಮ್ಲ ಕುಡಿದು ಜಠರ ಸುಟ್ಟು, ತಿಂದದ್ದೆಲ್ಲ ವಾಂತಿಯಾಗುತ್ತಿದ್ದವಳು. ಹೊಟ್ಟೆಗಿಲ್ಲದಿರುವುದೇ ಮಿದುಳನ್ನು ಕೊಲ್ಲುತ್ತದೆ ಎಂಬ ಸುಳಿವು ಆಕೆಯ ಕಥೆಯಲ್ಲೇ ಇತ್ತು. ಆದರೆ ಜೀವಸತ್ವ ಎಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ. ಕೆಲವೇ ವರ್ಷದ ಬಳಿಕ, 1887ರಿಂದ, ಮಾಸ್ಕೋದ ಸೆರ್ಗೈ ಕೊರ್ಸಕೋವ್ ಕುಡಿಯುವ ರೋಗಿಗಳಲ್ಲಿ ವಿಚಿತ್ರ ಮರೆವೊಂದನ್ನು ವಿವರಿಸಿದ. ಹಳೆಯದು ನೆನಪಿದೆ, ಹೊಸದು ನಿಲ್ಲುವುದಿಲ್ಲ. ಇವೆರಡೂ ಒಂದೇ ಕಾಯಿಲೆಯ ಎರಡು ಹಂತಗಳು ಎಂದು ಆಮೇಲೆ ತಿಳಿಯಿತು. ವೆರ್ನಿಕೆ ಕಂಡದ್ದು ಹೊತ್ತಿದ ಬೆಂಕಿ, ಕೊರ್ಸಕೋವ್ ಕಂಡದ್ದು ಸುಟ್ಟು ಉಳಿದ ಮನೆ.

ಥಯಮಿನ್ ಪತ್ತೆಯಾದ ದಾರಿ ನಮ್ಮ ಅಕ್ಕಿಯ ಮೂಲಕವೇ ಹಾಯುತ್ತದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತವುಡು ಇರುವ ಅಕ್ಕಿ ಕೊಟ್ಟರೆ ಏಳುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಬಂತು. 1936ರಲ್ಲಿ ಥಯಮಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ. ಕರಾವಳಿಯ ಕುಚಲಕ್ಕಿಯಲ್ಲಿ ಬೆಳ್ತಿಗೆ ಅಕ್ಕಿಗಿಂತ ಥಯಮಿನ್ ಹೆಚ್ಚು ಉಳಿಯುತ್ತದೆ. ಭತ್ತವನ್ನು ಬೇಯಿಸುವಾಗ ಹೊರಪದರದ ಜೀವಸತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ, ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಕಡಲೆಕಾಯಿ, ಬೇಳೆಕಾಳು, ರಾಗಿ, ಎಳ್ಳಿನಲ್ಲೂ ಇದು ಇದೆ. ಆಸ್ಟ್ರೇಲಿಯಾ 1991ರಿಂದ ಬ್ರೆಡ್ಡಿನ ಹಿಟ್ಟಿಗೆ ಥಯಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಆಮೇಲೆ ಅಲ್ಲಿ ಮರಣೋತ್ತರ ಪರೀಕ್ಷೆಗಳಲ್ಲಿ ಈ ಮಿದುಳ ಹಾನಿ ಕಾಣುವುದು ಇಳಿಯಿತು.

ಗ್ಲೂಕೋಸ್ ಬಾಟ್ಲು

ವೆರ್ನಿಕೆ ಹೇಳಿದ ಮೂರೂ ಲಕ್ಷಣ ಒಟ್ಟಿಗೆ ಕಾಣುವುದು ಆರರಲ್ಲಿ ಒಬ್ಬರಿಗೆ ಅಷ್ಟೆ. ಉಳಿದವರಲ್ಲಿ ಬರೀ ಗೊಂದಲ, ಇಲ್ಲವೇ ಬರೀ ತೂರಾಟ. ಮನೆಯವರ ಕಣ್ಣಿಗೆ ಅದು ಕುಡಿದ ಮತ್ತು. ನಮ್ಮ ಮಾವ ಎರಡು ವಾರ ಗೋಡೆ ಹಿಡಿದು ನಡೆದರು, ಅತ್ತೆಯನ್ನು ಸತ್ತುಹೋದ ಅಕ್ಕನ ಹೆಸರಿನಿಂದ ಕರೆದರು, ಅನ್ನ ಕಂಡರೆ ಮುಖ ತಿರುಗಿಸಿದರು. "ಜಾಸ್ತಿ ಹಾಕವ್ರೆ, ಮಲಗಿ ಎದ್ರೆ ಸರಿಹೋಗ್ತಾರೆ" ಎಂದು ನಾವೇ ಹೇಳಿಕೊಂಡೆವು. ಮಲಗಿ ಎದ್ದರು, ಸರಿಹೋಗಲಿಲ್ಲ. ಕುಡಿದ ಮತ್ತು ಒಂದು ರಾತ್ರಿಯಲ್ಲಿ ಇಳಿಯಬೇಕು. ಇಳಿಯದಿದ್ದರೆ ಅದು ಮತ್ತಲ್ಲ.

ಸುಸ್ತಾದವರನ್ನು ಕರೆದುಕೊಂಡು ಹೋಗಿ "ಒಂದು ಗ್ಲೂಕೋಸ್ ಹಾಕ್ಬಿಡಿ ಡಾಕ್ಟ್ರೇ" ಎಂದು ನಾವೇ ಕೇಳುವ ರೂಢಿ ನಮ್ಮಲ್ಲಿದೆ. ಬೆಂಕಿಕಡ್ಡಿಯ ಹೋಲಿಕೆಯನ್ನು ಇಲ್ಲಿ ನೆನಪಿಸಿಕೊಳ್ಳಿ. ಥಯಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಸುರಿದರೆ ಒಲೆಗೆ ಇನ್ನಷ್ಟು ಸೌದೆ ತುಂಬಿದ ಹಾಗೆ. ಅದನ್ನು ಹೊತ್ತಿಸಲು ಉಳಿದಿದ್ದ ಒಂದೆರಡು ಕಡ್ಡಿಯೂ ಮುಗಿದುಹೋಗುತ್ತವೆ. ಅದಕ್ಕೇ ವಿಪರೀತ ಕುಡಿಯುವವರಿಗೆ, ಊಟ ಬಿಟ್ಟವರಿಗೆ ಗ್ಲೂಕೋಸಿಗೆ ಮೊದಲು ಥಯಮಿನ್ ಇಂಜೆಕ್ಷನ್ ಕೊಡಬೇಕೆಂಬ ನಿಯಮವಿದೆ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೆ ಗ್ಲೂಕೋಸ್ ತಡೆದು ನಿಲ್ಲುವಂತಿಲ್ಲ, ಆಗ ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಮಾತ್ರೆ ಈ ಹಂತದಲ್ಲಿ ಸಾಲದು, ಏಕೆಂದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಸೂಜಿಯ ಮೂಲಕ ದೊಡ್ಡ ಪ್ರಮಾಣದಲ್ಲೇ ಕೊಡಬೇಕು. ಇದು ದುಬಾರಿ ಔಷಧವೇನಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕರೆ ಕಣ್ಣಿನ ತೊಂದರೆ ಗಂಟೆಗಳಲ್ಲಿ, ದಿನಗಳಲ್ಲಿ ಸುಧಾರಿಸುತ್ತದೆ, ಗೊಂದಲವೂ ತಿಳಿಯಾಗಬಹುದು. ತಡವಾದರೆ ಉಳಿಯುವುದು ಕೊರ್ಸಕೋವ್ ಕಂಡ ಮರೆವು.

ಸುಳ್ಳಲ್ಲದ ಸುಳ್ಳು

ಈಗ ಆ ಹನ್ನೊಂದು ಚೀಲ ಕೊಬ್ಬರಿಗೆ ಬರೋಣ. ಹೊಸ ನೆನಪು ನಿಲ್ಲದವರನ್ನು ನಿನ್ನೆಯ ಬಗ್ಗೆ ಕೇಳಿದರೆ ಅಲ್ಲಿ ಖಾಲಿ ಜಾಗ ಸಿಗುತ್ತದೆ. ಮಿದುಳು ಆ ಖಾಲಿ ಜಾಗವನ್ನು ಹಾಗೇ ಬಿಡದೆ, ಕೈಗೆ ಸಿಕ್ಕ ಹಳೆಯ ತುಂಡುಗಳಿಂದ ತುಂಬಿಬಿಡುತ್ತದೆ. ಮಾವ ತಿಪಟೂರಿಗೆ ಕೊಬ್ಬರಿ ಹಾಕಿದ್ದು ನಿಜ, ತಟ್ಟೆ ಇಡ್ಲಿ ತಿಂದದ್ದೂ ನಿಜ. ಅದು ಯಾವ ವರ್ಷವೋ ನಡೆದದ್ದು. ತಾರೀಖು ಕಳಚಿಕೊಂಡು ಬಂದ ನೆನಪು 'ನಿನ್ನೆ'ಯ ಜಾಗಕ್ಕೆ ಬಂದು ಕೂತಿತ್ತು. ಮೋಸಗೊಳಿಸುವ ಉದ್ದೇಶ ಇಲ್ಲಿಲ್ಲ. ತಾವು ಮರೆತಿದ್ದೇವೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ನೆನಪು ಎಂಬುದು ಒಂದೇ ಪೆಟ್ಟಿಗೆಯಲ್ಲ ಎಂದು ನಾನು ಅರಿತದ್ದು ಮಾವ ಮನೆಗೆ ಬಂದ ಮೇಲೆ. ಹಿತ್ತಲಲ್ಲಿ ನೆಟ್ಟಿದ್ದ ಹಾರೆಯ ಮುಂದೆ ನಿಂತು ತೆಂಗಿನಕಾಯಿ ಎತ್ತಿಕೊಂಡರು. ಒಂದು ಕುಕ್ಕು, ಒಂದು ತಿರುವು, ಇನ್ನೆರಡು ಕುಕ್ಕು. ಮೂರು ಸೀಳಾಗಿ ಮಟ್ಟೆ ಬಿತ್ತು, ಜುಟ್ಟು ಉಳಿದ ಕಾಯಿ ಕೈಯಲ್ಲಿತ್ತು. ಕೈ ಒಂದಿಷ್ಟೂ ಮರೆತಿರಲಿಲ್ಲ. ಇಪ್ಪತ್ತು ಕಾಯಿ ಸುಲಿದು ಬಂದು ಜಗಲಿಯಲ್ಲಿ ಕೂತವರು ಅತ್ತೆಯನ್ನು ಕೇಳಿದರು: "ಕಾಯಿ ಯಾರು ಸುಲಿದದ್ದು? ಚೆನ್ನಾಗಿ ಸುಲಿದವ್ರೆ." ಕೈಕಸುಬಿನ ನೆನಪು ಇರುವ ಜಾಗ ಬೇರೆ, ಘಟನೆಗಳ ನೆನಪಿನ ಜಾಗ ಬೇರೆ. ಈ ಕಾಯಿಲೆ ಎರಡನೆಯದನ್ನು ಹೊಡೆದು ಮೊದಲನೆಯದನ್ನು ಬಹುಪಾಲು ಬಿಡುತ್ತದೆ. ಇಂಥವರ ಆರೈಕೆಗೆ ಇದೇ ಆಸರೆ. ವಸ್ತುಗಳು ದಿನವೂ ಒಂದೇ ಜಾಗದಲ್ಲಿ, ಕೆಲಸಗಳು ಒಂದೇ ಹೊತ್ತಿಗೆ ನಡೆದರೆ ರೂಢಿಯ ಬಲದಿಂದ ದಿನ ಸಾಗುತ್ತದೆ. "ನೆನಪಿಲ್ವಾ?" ಎಂದು ಪದೇ ಪದೇ ಕೇಳಿ ಪರೀಕ್ಷೆ ಮಾಡಿದರೆ ಕಣ್ಣೀರು ಮಾತ್ರ ಬರುತ್ತದೆ.

ಲಿವರ್ ಮತ್ತು ತಲೆಯ ಪೆಟ್ಟು

ಇನ್ನೆರಡು ಕಾರಣಗಳನ್ನು ಹೇಳಲೇಬೇಕು, ಏಕೆಂದರೆ ಇವಕ್ಕೂ ಚಿಕಿತ್ಸೆ ಇದೆ. ಲಿವರ್ ತೀರಾ ಹದಗೆಟ್ಟಾಗ ಕರುಳಿನಲ್ಲಿ ಹುಟ್ಟುವ ಅಮೋನಿಯಾದಂಥ ವಿಷವಸ್ತುಗಳು ಶುದ್ಧಿಯಾಗದೆ ಮಿದುಳು ಸೇರುತ್ತವೆ. ಹಗಲು ತೂಕಡಿಕೆ, ರಾತ್ರಿ ಎಚ್ಚರ, ಕೈ ಚಾಚಿದರೆ ಪಟಪಟ ಬಡಿಯುವ ಅಂಗೈ, ಅಸಂಬದ್ಧ ಮಾತು ಇದರ ಲಕ್ಷಣ. ಇನ್ನೊಂದು ಬಿದ್ದ ಪೆಟ್ಟು. ಮಿದುಳು ಕುಗ್ಗಿದಾಗ ಅದಕ್ಕೂ ತಲೆಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ದಿನಗಟ್ಟಲೆ ರಕ್ತ ಒಸರಬಹುದು. ಬಿದ್ದು ಎರಡು ವಾರವಾದ ಮೇಲೆ ಮಂಕಾದರೆ ಸ್ಕ್ಯಾನ್ ಮಾಡಿಸಬೇಕು.

ಸ್ವಲ್ಪ ಕುಡಿಯುವವರಿಗೆ?

ಬ್ರಿಟನ್ನಿನಲ್ಲಿ 550 ಜನರನ್ನು ಮೂವತ್ತು ವರ್ಷ ಗಮನಿಸಿ ಕೊನೆಗೆ ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೆಚ್ಚು ಕುಡಿದಷ್ಟೂ ಹಿಪ್ಪೊಕ್ಯಾಂಪಸ್ ಕುಗ್ಗಿದ್ದು ಕಂಡಿತು. ವಾರಕ್ಕೆ 14ರಿಂದ 21 ಬ್ರಿಟಿಷ್ ಯೂನಿಟ್, ನಮ್ಮ ಲೆಕ್ಕದಲ್ಲಿ ಎರಡರಿಂದ ಮೂರು ಕ್ವಾರ್ಟರ್, ಕುಡಿಯುವವರಲ್ಲೂ ಆ ಕುಗ್ಗುವಿಕೆಯ ಸಾಧ್ಯತೆ ಕುಡಿಯದವರಿಗಿಂತ ಸುಮಾರು ಮೂರು ಪಟ್ಟು ಇತ್ತು. 2022ರಲ್ಲಿ 36 ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದ ಇನ್ನೊಂದು ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಇಂಥ ಅಧ್ಯಯನಗಳು ಜೊತೆಜೊತೆಗೆ ಕಾಣುವುದನ್ನು ತೋರಿಸುತ್ತವೆ, ಒಬ್ಬೊಬ್ಬರ ಹಣೆಬರಹ ಹೇಳುವುದಿಲ್ಲ. ಆದರೂ "ದಿನಕ್ಕೊಂದು ಪೆಗ್ಗು ಮಿದುಳಿಗೆ ಒಳ್ಳೆಯದು" ಎನ್ನಲು ಇವುಗಳಲ್ಲಿ ಆಧಾರವಿಲ್ಲ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ವಿಪರೀತ ಕುಡಿತದ ವಿಷಯದಲ್ಲಂತೂ ಅನುಮಾನವೇ ಇಲ್ಲ. 2018ರ ಫ್ರಾನ್ಸಿನ ಅಧ್ಯಯನವೊಂದರಲ್ಲಿ 65 ವರ್ಷಕ್ಕೆ ಮೊದಲೇ ಬಂದ 57 ಸಾವಿರಕ್ಕೂ ಹೆಚ್ಚು ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದೀರ್ಘಕಾಲದ ಕುಡಿತದ ಜೊತೆ ಹೆಣೆದುಕೊಂಡಿದ್ದವು.

ಬಿಟ್ಟರೆ ಮರಳುತ್ತದೆಯೇ?

ಬಹಳಷ್ಟು ಮರಳುತ್ತದೆ, ಎಲ್ಲವೂ ಅಲ್ಲ. ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಕುಗ್ಗಿದ ಮಿದುಳು ತುಂಬಿಕೊಳ್ಳಲು ಶುರುಮಾಡುವುದು ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ. ಮೊದಲ ತಿಂಗಳಲ್ಲಿ ವೇಗ ಹೆಚ್ಚು, ಆಮೇಲೆ ನಿಧಾನ. ಗಮನ, ಲೆಕ್ಕ, ಯೋಜನೆ ಮಾಡುವ ಶಕ್ತಿ ತಿಂಗಳುಗಳಲ್ಲಿ, ಕೆಲವರಿಗೆ ವರ್ಷದಲ್ಲಿ ಸುಧಾರಿಸುತ್ತವೆ. ವಯಸ್ಸು ಚಿಕ್ಕದಾದಷ್ಟೂ ಚೇತರಿಕೆ ಹೆಚ್ಚು. ಕೊರ್ಸಕೋವ್ ಮರೆವು ಬಂದ ಮೇಲೆ ಮಾತ್ರ ಕೆಲವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಹಲವರು ಅರೆಬರೆ, ಇನ್ನು ಕೆಲವರು ಇದ್ದಲ್ಲೇ ಇರುತ್ತಾರೆ.

ಬಿಡುವುದು ಎಂದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸುವುದಲ್ಲ. ದಿನವೂ ಕುಡಿಯುವವರಿಗೆ, ಬೆಳಿಗ್ಗೆ ಕೈ ನಡುಗುವವರಿಗೆ ಅದು ಅಪಾಯ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದ ಮದ್ಯದಂಗಡಿಗಳು ಮುಚ್ಚಿದ್ದಾಗ ಎಷ್ಟೋ ಜನ ಫಿಟ್ಸ್, ಭ್ರಮೆಗಳೊಂದಿಗೆ ಆಸ್ಪತ್ರೆ ಸೇರಿದ್ದನ್ನು ನಾವು ಕಂಡಿದ್ದೇವೆ. ಆಸ್ಪತ್ರೆಯಲ್ಲಿ ಹಗ್ಗವನ್ನು ಮೆಲ್ಲಗೆ ಸಡಿಲಿಸುವ ಔಷಧಗಳಿವೆ, ಜೊತೆಗೆ ಥಯಮಿನ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ದಾರಿ ಕೇಳಲು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಕುಡಿಯುವವರನ್ನು ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ಕರೆದೊಯ್ದರೂ ಕೇಳದೆಯೇ ಹೇಳಬೇಕಾದ ಮೂರು ಸಂಗತಿಗಳಿವೆ: ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತು. ನಾವು ಮೊದಲು ಹೋದ ಕಡೆ "ಕುಡೀತಾರೆ" ಎಂದಷ್ಟೇ ಹೇಳಿದೆವು. ಅವರೂ ಮುಂದೆ ಕೇಳಲಿಲ್ಲ, ಬಾಟ್ಲು ನೇತುಹಾಕಿದರು. ಊಟದ ಮಾತು ಎತ್ತಿದ್ದು ಎರಡು ದಿನ ಕಳೆದ ಮೇಲೆ, ಎರಡನೇ ಆಸ್ಪತ್ರೆಯಲ್ಲಿ, ಡಾಕ್ಟರಮ್ಮ. ಅತ್ತೆಗೆ ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು: "ಯುಗಾದಿ ದಿನ ಅರ್ಧ ಒಬ್ಬಟ್ಟು ತಿಂದಿದ್ದೇ ಕೊನೆ ಕಣಮ್ಮ. ಇವತ್ತಿಗೆ ಇಪ್ಪತ್ತೆರಡು ದಿನ."